ಎಚ್‌ಐವಿ ಇದ್ದವರ ಕಣ್ಣು: ಕೆಂಪಾದರೂ ತೋರಿಸಿ, ಮಬ್ಬಾದರೂ ತೋರಿಸಿ

ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತರೆ ಯಾರ ಕಣ್ಣಾದರೂ ಉರಿಯುತ್ತದೆ. ತುಮಕೂರು ರಸ್ತೆಯ ಧೂಳು, ಲಾರಿ ಹೊಗೆ, ಪೀಣ್ಯದ ಶೆಡ್ಡುಗಳ ವೆಲ್ಡಿಂಗ್ ಬೆಳಕು. ಹಾಗಾಗಿ ಕಣ್ಣು ಕೆಂಪಾದರೆ ಮೆಡಿಕಲ್ ಶಾಪ್‌ನಲ್ಲಿ ಒಂದು ಡ್ರಾಪ್ಸ್ ತಗೊಂಡು ಶಿಫ್ಟಿಗೆ ಓಡುವುದು ರೂಢಿ. ಎಚ್‌ಐವಿ ಇದ್ದವರು ಈ ರೂಢಿ ಬಿಡಲೇಬೇಕು.

ರಕ್ತದ ಸಿಡಿ4 ಕಣಗಳು ಮೈಯ ಕಾವಲುಗಾರರು. ಆರೋಗ್ಯವಂತರಲ್ಲಿ ಇವುಗಳ ಎಣಿಕೆ ಸಾಮಾನ್ಯವಾಗಿ 500ರ ಮೇಲಿರುತ್ತದೆ. ಎಚ್‌ಐವಿಯಿಂದ ಅದು 50ಕ್ಕಿಂತ ಕೆಳಗಿಳಿದಾಗ, ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುವ ಸೈಟೊಮೆಗಾಲೊ ವೈರಸ್ ಎದ್ದು ಕಣ್ಣಿನ ಹಿಂಬದಿಯ ರೆಟಿನಾವನ್ನು ತಿನ್ನತೊಡಗಬಹುದು. ಇದರ ಮೋಸ ನೋಡಿ: ಸಾಮಾನ್ಯವಾಗಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದೂ ಇಲ್ಲ. ಸೊಳ್ಳೆ ಹಾರಿದಂತೆ ಕಪ್ಪು ಚುಕ್ಕೆ, ಮಿಂಚು, ಒಂದು ಬದಿಗೆ ಪರದೆ ಬಿದ್ದಂತೆ ಮಬ್ಬು, ಅಷ್ಟೇ. ಹಾಳಾದ ರೆಟಿನಾ ಮತ್ತೆ ಬೆಳೆಯದು. ಗ್ಯಾನ್‌ಸಿಕ್ಲೊವಿರ್‌ನಂಥ ಔಷಧಿ ಉಳಿದದ್ದನ್ನು ಕಾಯುತ್ತದೆ.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಅದು ಒಳಗಿನ ಉರಿಯೂತ, ಅಂದರೆ ಯುವಿಯೈಟಿಸ್ ಇರಬಹುದು. ಇದರ ಹಿಂದೆ ಟಿಬಿ, ಸಿಫಿಲಿಸ್, ಟಾಕ್ಸೊಪ್ಲಾಸ್ಮಾ ಅಡಗಿರಬಹುದು. ಸರ್ಪಸುತ್ತಿನ ಗುಳ್ಳೆ ಮೂಗಿನ ತುದಿಗೆ ಬಂತೆಂದರೆ ಕಣ್ಣಿಗೂ ಇಳಿಯುವ ಸಂಭವ ಹೆಚ್ಚು. ಇಂಥ ಕಣ್ಣಿಗೆ ಯಾರೋ ಹೇಳಿದ ಸ್ಟೆರಾಯ್ಡ್ ಡ್ರಾಪ್ಸ್ ಬಿಟ್ಟರೆ ಕೆಂಪು ಎರಡು ದಿನ ಇಳಿಯುತ್ತದೆ, ಸೋಂಕು ಒಳಗೊಳಗೇ ಬಲಿಯುತ್ತದೆ.

ಇನ್ನೊಂದು ಗೊಂದಲವಿದೆ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ಶುರುವಾಗಿ ಕೆಲವು ವಾರ, ತಿಂಗಳು ಕಳೆದ ಮೇಲೆ ಕಣ್ಣು ಮಬ್ಬಾಗುವುದುಂಟು. ಬಲ ಬಂದ ಕಾವಲುಗಾರರು ಹಳೆಯ ಸೋಂಕಿನ ಜಾಗಕ್ಕೆ ಮುಗಿಬೀಳುವುದರಿಂದ ಹೀಗಾಗುತ್ತದೆ. ಮಾತ್ರೆಯೇ ಕಣ್ಣು ಕೆಡಿಸಿತು ಅಂದುಕೊಂಡು ದಯವಿಟ್ಟು ಬಿಡಬೇಡಿ. ಉರಿಯೂತಕ್ಕೆ ಬೇರೆ ಚಿಕಿತ್ಸೆ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ, ಆಮೇಲೆ ಇನ್ನೊಂದು. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಅಂಕಿ ಮಸುಕಾಗಿದ್ದರೆ, ಮೂಲೆ ಕಾಣದಿದ್ದರೆ ಅವತ್ತೇ ಹೊರಡಿ. ಪರೀಕ್ಷೆ ಸರಿ ಇದ್ದರೂ, ಸಿಡಿ4 ತೀರಾ ಕಡಿಮೆ ಇರುವವರು ರೆಟಿನಾ ತೋರಿಸಲೇಬೇಕು.

ಗೊರಗುಂಟೆಪಾಳ್ಯದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಮಿಂಟೊ ಕಣ್ಣಾಸ್ಪತ್ರೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲೇ. ಪಾಪೆ ಹಿಗ್ಗುವ ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕೂರಿಸಿ, ಒಳಗೆ ಬೆಳಕು ಬಿಟ್ಟು ರೆಟಿನಾ ನೋಡುತ್ತಾರೆ. ಆಮೇಲೆ ಕೆಲವು ಗಂಟೆ ಹತ್ತಿರದ್ದು ಕಾಣದು. ಬೈಕ್ ಬೇಡ, ಜೊತೆಗೊಬ್ಬರು ಇರಲಿ.

ವೈದ್ಯರಿಂದ ಎಚ್‌ಐವಿ ವಿಷಯ ಮುಚ್ಚಿಡಬೇಡಿ. ಎಆರ್‌ಟಿ ಪುಸ್ತಕ, ಕೊನೆಯ ಸಿಡಿ4 ಎಣಿಕೆ ಕೈಯಲ್ಲಿರಲಿ. ಅದು ಗೊತ್ತಿಲ್ಲದೆ ಸರಿಯಾದ ಔಷಧಿ ಹೇಳುವುದು ಕಷ್ಟ. ಗುಟ್ಟು ಕಾಪಾಡುವುದು ಆಸ್ಪತ್ರೆಯ ಹೊಣೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಹೇಳುವುದೇ ಇದನ್ನು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ಉಚಿತ.