ಹಳೆಯ ಗಾಡಿಯ ಬೆಲೆಯೂ ಸರ್ವೀಸು ಪುಸ್ತಕವೂ

ಕಾಫಿ ಕ್ಯೂರಿಂಗಿಗೆ ಹೋಗಿ, ಅಡಿಕೆ ಮಂಡಿ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ನಮ್ಮ ಸದಸ್ಯರ ಪೈಕಿ ಕೆಲವರಾದರೂ ಹಳೆಯ ಕಾರನ್ನೋ ಪಿಕಪ್ಪನ್ನೋ ಕೊಟ್ಟು ಹೊಸದನ್ನು ತರುವ ಯೋಚನೆ ಮಾಡುವುದುಂಟು. ಕ್ವಿಂಟಾಲ್ ರಾಶಿ ಅಡಿಕೆಗೆ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ಮಂಡಿಯಲ್ಲಿ ಅರ್ಧ ದಿನ ವಾದಕ್ಕೆ ನಿಲ್ಲುವ ನಾವು, ಷೋರೂಮಿನ ತಣ್ಣನೆಯ ಕೋಣೆಯಲ್ಲಿ ಅವರು ಹಳೆಯ ಗಾಡಿಗೆ ಹೇಳಿದ ಬೆಲೆಯನ್ನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಒಪ್ಪಿಬಿಡುತ್ತೇವೆ. (ಆ ಕಾಫಿಯಲ್ಲಿ ಚಿಕೋರಿಯೇ ಹೆಚ್ಚು ಎಂಬುದು ಬೇರೆ ಮಾತು.) ಆ ಬೆಲೆ ಹೇಗೆ ಹುಟ್ಟುತ್ತದೆ, ಅದರಲ್ಲಿ ಸರ್ವೀಸು ದಾಖಲೆಯ ಪಾಲೆಷ್ಟು ಎಂಬುದನ್ನು ಸದಸ್ಯರ ಗಮನಕ್ಕೆ ತರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮಗೆ ತಿಳಿದ ವ್ಯವಹಾರದಿಂದಲೇ ನೋಡೋಣ. ಚೆರಿ ಕಾಫಿ ಕೊಳ್ಳಲು ಬಂದ ವ್ಯಾಪಾರಿ ಚೀಲದ ಹೊರಗು ನೋಡಿ ಬೆಲೆ ಕಟ್ಟುವುದಿಲ್ಲ. ಸ್ಯಾಂಪಲ್ ತೆಗೆದು ತೇವ ನೋಡುತ್ತಾನೆ, ಔಟ್‌ಟರ್ನ್ ನೋಡುತ್ತಾನೆ. ಸ್ಯಾಂಪಲ್ ಕೊಡುವುದಿಲ್ಲವೆಂದರೆ ಅವನು ಹಿಂದಿರುಗಿ ಹೋಗುವುದಿಲ್ಲ. ಇರಬಹುದಾದ ಅತಿ ಕಡಿಮೆ ಔಟ್‌ಟರ್ನ್ ಹಿಡಿದು ಒಂದು ಬೆಲೆ ಹೇಳುತ್ತಾನೆ, ಅಷ್ಟೆ. ಗಾಡಿಗೆ ಬೆಲೆ ಕಟ್ಟುವವನ ಪರಿಸ್ಥಿತಿಯೂ ಇದೇ. ಬಣ್ಣ, ಟೈರು, ಸೀಟು ಅವನ ಕಣ್ಣಿಗೆ ಕಾಣುತ್ತವೆ. ಎಂಜಿನ್ನಿನ ಒಳಗು, ಗೇರ್ ಬಾಕ್ಸಿನ ಒಳಗು ಕಾಣುವುದಿಲ್ಲ. ಕಾಣದ್ದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಇಲ್ಲದಿದ್ದರೆ ಕ್ಲಚ್ಚು, ಇಂಜೆಕ್ಟರು, ಸಸ್ಪೆನ್ಷನ್ನು ಎಲ್ಲಕ್ಕೂ ಖರ್ಚು ಬರುತ್ತದೆಂದೇ ಲೆಕ್ಕ ಹಾಕಿ, ಅಷ್ಟನ್ನೂ ನಮ್ಮ ಬೆಲೆಯಲ್ಲಿ ಮುರಿಯುತ್ತಾನೆ. ಆದುದರಿಂದ ಸರ್ವೀಸು ದಾಖಲೆ ಇದ್ದ ಮಾತ್ರಕ್ಕೆ ಮಾರುಕಟ್ಟೆಯ ಬೆಲೆಗಿಂತ ಹೆಚ್ಚು ಸಿಗುತ್ತದೆಂದು ಭಾವಿಸಬೇಡಿ. ಅದು ಮಾಡುವ ಕೆಲಸ ಈ ಮುರಿತವನ್ನು ತಡೆಯುವುದು. ಆ ಮುರಿತವೇ ಸಣ್ಣ ಮೊತ್ತವಲ್ಲ.

ದಾಖಲೆಯ ಮೊದಲ ಉಪಯೋಗ ಕಿಲೋಮೀಟರಿನದು. ಈಗಿನ ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವವರು ಇದ್ದಾರೆಂದು ಎಲ್ಲ ವ್ಯಾಪಾರಿಗಳಿಗೂ ಗೊತ್ತು. ಹಾಗಾಗಿ ಮೀಟರನ್ನು ಯಾರೂ ನಂಬುವುದಿಲ್ಲ. ಕಂಪನಿಯ ಸರ್ವೀಸು ಕೇಂದ್ರದಲ್ಲಿ ಪ್ರತಿ ಸಲವೂ ಬರೆದುಕೊಂಡ ಅಂಕಿ ಅವರ ಕಂಪ್ಯೂಟರಿನಲ್ಲಿರುತ್ತದೆ. ವರ್ಷದಿಂದ ವರ್ಷಕ್ಕೆ ಕ್ರಮವಾಗಿ ಏರುತ್ತ ಬಂದ ಆ ಅಂಕಿಯನ್ನು ನಂಬುತ್ತಾರೆ. ಇದು ನಮ್ಮಂಥವರಿಗೇ ಹೆಚ್ಚು ಬೇಕಾದದ್ದು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡುವ ಗಾಡಿಯ ಮೀಟರು ಕಡಿಮೆಯೇ ಇರುತ್ತದೆ. ಕಡಿಮೆ ಇದ್ದಷ್ಟೂ ಕೊಳ್ಳುವವನಿಗೆ ಅನುಮಾನ. ನಿಜ ಹೇಳಿದರೂ ನಂಬಿಸಲು ಕಾಗದ ಬೇಕಾಗುತ್ತದೆ.

ಕಡಿಮೆ ಓಡಿದ ಗಾಡಿಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಬಲವಾಗಿ ಬೇರೂರಿದೆ. “ಓಡಿಯೇ ಇಲ್ಲವಲ್ಲ ಮಾರಾಯ್ರೆ, ಆಯಿಲ್ ಯಾಕೆ ಬದಲಿಸಬೇಕು?” ಎನ್ನುವವರೇ ಹೆಚ್ಚು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ಇದು ಸುಮ್ಮನೆ ಬರೆದದ್ದಲ್ಲ. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಕೂಡಿದ ನೀರಿನ ಪಸೆ, ಉರಿಯದೆ ಉಳಿದ ಇಂಧನ ಆವಿಯಾಗಿ ಹೋಗದೆ ಆಯಿಲಿನಲ್ಲೇ ಉಳಿದು ಅದನ್ನು ಕೆಡಿಸುತ್ತವೆ. 2020ರ ಏಪ್ರಿಲಿನಿಂದ ಬಂದಿರುವ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರೊಂದಿದೆ. ಆ ಮಸಿ ಸುಟ್ಟುಹೋಗಬೇಕಾದರೆ ಆಗಾಗ ಒಂದಿಷ್ಟು ದೂರ, ಒಂದೇ ವೇಗದಲ್ಲಿ, ಬಿಸಿಯಾಗಿ ಓಡಬೇಕು. ತೋಟದ ರಸ್ತೆಯಲ್ಲಿ ಅದು ಸಾಧ್ಯವಿಲ್ಲ. ಫಿಲ್ಟರ್ ಕಟ್ಟಿದ್ದರ ದಾಖಲೆಯೂ ಕಂಪ್ಯೂಟರಿನಲ್ಲಿ ಉಳಿಯಬಹುದು, ಅದರ ದುರಸ್ತಿಯೂ ಅಗ್ಗದ್ದಲ್ಲ. ಬ್ರೇಕ್ ಆಯಿಲಿನದೂ ಇದೇ ಕಥೆ. ಅದು ಗಾಳಿಯ ತೇವವನ್ನು ಹೀರುವ ವಸ್ತು. ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ, ಘಾಟಿ ಇಳಿಯುವ ಗಾಡಿಯಲ್ಲಿ ಅದನ್ನು ವರ್ಷಗಟ್ಟಲೆ ಬಿಡುವುದು ಬೆಲೆಗಿಂತ ಮೊದಲು ಪ್ರಾಣದ ಪ್ರಶ್ನೆ.

ಪಿಕಪ್ ಇರುವವರಿಗೆ ಇನ್ನೊಂದು ಮಾತು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಂದು ಬೋರ್ಡೋ ದ್ರಾವಣ ಮಾಡುವ ನಮಗೆ ಹೇಳಿಕೊಡಬೇಕಾಗಿಲ್ಲ. ದ್ರಾವಣದ ಹದ ನೋಡಲು ಅದರಲ್ಲಿ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ, ಕೆಂಪಗೆ ತಾಮ್ರ ಹಿಡಿಯಿತೇ ಎಂದು ನೋಡುವವರು ನಾವು. ಅದೇ ಮೈಲುತುತ್ತ, ಪೊಟ್ಯಾಷ್ ಗೊಬ್ಬರ ಹಿಂದಿನ ಡೆಕ್ಕಿನಲ್ಲಿ ಚೆಲ್ಲಿ, ಅದರ ಮೇಲೆ ಮಳೆ ಬಿದ್ದರೆ ಚಾಸಿಸ್ಸಿನ ಗತಿಯೇನು? ಬೆಲೆ ಕಟ್ಟುವವನು ಮೊದಲು ಬಗ್ಗಿ ನೋಡುವುದು ಗಾಡಿಯ ಅಡಿಯನ್ನೇ. ಕರಾವಳಿಯ ಗಾಡಿ, ಮಲೆನಾಡಿನ ಗಾಡಿ ಎಂದರೆ ನೋಡುವ ಮೊದಲೇ ಮೂಗು ಮುರಿಯುವವರಿದ್ದಾರೆ. ಅಡಿಗೆ ತುಕ್ಕು ನಿರೋಧಕ ಬಳಿಸಿದ ಬಿಲ್ಲು ಫೈಲಿನಲ್ಲಿದ್ದರೆ ಆಗ ಹೇಳಲಿಕ್ಕೆ ಒಂದು ಮಾತಾಗುತ್ತದೆ.

ಹಾಗಾದರೆ ಪ್ರತಿ ಸಲವೂ ಒಂದು ದಿನದ ಕೆಲಸ ಕೆಡಿಸಿಕೊಂಡು ಶಿವಮೊಗ್ಗಕ್ಕೋ ಹಾಸನಕ್ಕೋ ಕಂಪನಿಯ ಕೇಂದ್ರಕ್ಕೆ ಹೋಗಬೇಕೇ? ವಾರಂಟಿ ಇರುವವರೆಗೆ ಹೋಗುವುದೇ ಲೇಸು. ಆಮೇಲಿನ ಮಾತು ಬೇರೆ. ಏಳೆಂಟು ವರ್ಷ ದಾಟಿದ ಗಾಡಿಗೆ ಕಂಪನಿಯ ಬಿಲ್ಲಿಗೆ ಕೊಟ್ಟ ಹೆಚ್ಚುವರಿ ಹಣ ಮಾರುವಾಗ ವಾಪಸು ಬರುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಊರಿನ ನಂಬಿಕೆಯ ಮೆಕ್ಯಾನಿಕ್ ಸಾಕು. ತೊಂದರೆ ಏನೆಂದರೆ ಅವನು ಬಿಲ್ಲು ಕೊಡುವುದಿಲ್ಲ, ನಾವು ಕೇಳುವುದೂ ಇಲ್ಲ. ಕೇಳಿ. ತಾರೀಖು, ಮೀಟರಿನ ಅಂಕಿ, ಮಾಡಿದ ಕೆಲಸ ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ರುಜು ಹಾಕಿಸಿ, ಬಿಡಿಭಾಗದ ಅಂಗಡಿಯ ರಸೀದಿಯನ್ನು ಅದಕ್ಕೆ ಲಗತ್ತಿಸಿ. ಪ್ರತಿ ದಿನ ಬೆಳಿಗ್ಗೆ ಮಳೆಯನ್ನು ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುವ ನಮಗೆ ಇದು ಹೊರೆಯಾಗಬಾರದು. ನಮ್ಮ ಸದಸ್ಯರೊಬ್ಬರ ಪಿಕಪ್ಪಿಗೆ ಹೋದ ವರ್ಷ ಮೊದಲು ಹೇಳಿದ ಬೆಲೆ ಬೇರೆ, ಅವರು ಎಣ್ಣೆ ಹಿಡಿದ ಒಂದು ನೂರು ಪುಟದ ನೋಟುಬುಕ್ಕನ್ನು ಮೇಜಿನ ಮೇಲಿಟ್ಟ ಮೇಲೆ ಹೇಳಿದ ಬೆಲೆ ಬೇರೆ. ವ್ಯತ್ಯಾಸ, ಅವರ ತೋಟಕ್ಕೆ ಒಂದು ಸುತ್ತು ಔಷಧಿ ಹೊಡೆಸುವ ಖರ್ಚನ್ನು ಮೀರಿತ್ತು. ಮಗಳ ಕಾಲೇಜಿನ ಫೀಸು ಕಟ್ಟಬೇಕಾಗಿದ್ದ ವರ್ಷ ಅದು.

ದಾಖಲೆ ನಮಗೆ ಪ್ರತಿಕೂಲವಾಗುವುದೂ ಉಂಟು. ದೊಡ್ಡ ಅಪಘಾತದ ಇನ್ಶೂರೆನ್ಸ್ ಕ್ಲೇಮು ಇದ್ದರೆ ಅದು ಹೊರಬರುತ್ತದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಣ್ಣದ ದಪ್ಪ ಅಳೆಯುವ ಉಪಕರಣವೇ ಅವರ ಕೈಯಲ್ಲಿರುತ್ತದೆ.

ಎಕ್ಸ್‌ಚೇಂಜ್ ಬೋನಸ್ ಎಂಬ ಮಾತಿಗೆ ಮರುಳಾಗದಿರಿ. ಹಳೆಯ ಗಾಡಿಯ ಬೆಲೆ, ಬೋನಸ್, ಹೊಸ ಗಾಡಿಯ ರಿಯಾಯಿತಿ ಇವು ಮೂರು ಬೇರೆ ಬೇರೆ. ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಳೆಯುವುದು ಬಹಳ ಸುಲಭ. ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಡಿರೆಂದು ಕೇಳಬೇಕು.

ಗಾಡಿ ಕೊಟ್ಟ ಮೇಲೆ ಆರ್.ಸಿ. ವರ್ಗಾವಣೆಯಾಯಿತೇ ಎಂದು ನೋಡದೆ ಬಿಡಬಾರದು. ಕೈಯಿಂದ ಕೈಗೆ ಮಾರಾಟವಾಗಿದ್ದ ಒಂದು ಕಾರಿನ ಅಪಘಾತದ ಮೊಕದ್ದಮೆಯಲ್ಲಿ, ಆರ್.ಸಿ.ಯಲ್ಲಿ ಹೆಸರಿದ್ದವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ರಾಜ್ಯದ ಒಳಗೇ ಮಾರಿದ್ದರೆ 14 ದಿನಗಳೊಳಗೆ ಫಾರಂ 29ರಲ್ಲಿ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು. ನೋಂದಾಯಿತ ಡೀಲರಿಗೆ ಕೊಟ್ಟರೆ 2023ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದಂತೆ ಅದನ್ನು ಬೇರೆ ಫಾರಂನಲ್ಲಿ ಪೋರ್ಟಲಿನ ಮೂಲಕ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು. ಸಾಲ ತೀರಿದ್ದರೂ ಹೈಪಾಥಿಕೇಷನ್ ನಮೂದು ಆರ್.ಸಿ.ಯಲ್ಲಿ ಹಾಗೆಯೇ ಉಳಿದಿರುವ ಸದಸ್ಯರು ಅನೇಕರಿದ್ದಾರೆ. ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಅದನ್ನು ಮೊದಲೇ ತೆಗೆಸಿಡುವುದು ಒಳ್ಳೆಯದು. ಕ್ಲೇಮು ಮಾಡದೆ ಐದು ವರ್ಷ ಕಳೆದವರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡ 50ರವರೆಗೆ ಸಿಗುವ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಮಾರುವಾಗ ಇನ್ಶೂರೆನ್ಸ್ ಕಂಪನಿಯಿಂದ ಅದರ ಸರ್ಟಿಫಿಕೇಟು ಪಡೆದುಕೊಂಡರೆ 3 ವರ್ಷದೊಳಗೆ ಕೊಳ್ಳುವ ಹೊಸ ಗಾಡಿಗೆ ಅದು ಸಲ್ಲುತ್ತದೆ.