ಕರಪತ್ರ ಅಚ್ಚು ಹಾಕಿದ ರಾತ್ರಿ

ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದದ್ದು 1955ರ ಡಿಸೆಂಬರ್ 1ರ ಗುರುವಾರ ಸಂಜೆ. ಸೋಮವಾರ ಬೆಳಿಗ್ಗೆ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದ ಬಸ್ಸುಗಳಲ್ಲಿ ಕಪ್ಪು ಜನ ಹತ್ತಲೇ ಇಲ್ಲ ಎನ್ನಬಹುದು. ಇಡೀ ಊರಿಗೆ ಇಷ್ಟು ಬೇಗ ಸುದ್ದಿ ಮುಟ್ಟಿಸಿದವರು ಯಾರು?

ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್. ಗುರುವಾರ ರಾತ್ರಿಯೇ ಒಬ್ಬ ಸಹೋದ್ಯೋಗಿಯನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಅವರು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಬೆಳಗಾಗುವುದರೊಳಗೆ, ಸೋಮವಾರ ಬಸ್ಸು ಹತ್ತಬೇಡಿ ಎಂಬ ಹತ್ತಾರು ಸಾವಿರ ಕರಪತ್ರ ಸಿದ್ಧವಾಗಿತ್ತು. ಶುಕ್ರವಾರ ಅವು ಶಾಲೆ, ಅಂಗಡಿ, ಕ್ಷೌರದಂಗಡಿಗಳಿಗೆಲ್ಲ ತಲುಪಿದವು. ಮಾರ್ಟಿನ್ ಲೂಥರ್ ಕಿಂಗ್ ಚಳವಳಿಯ ನಾಯಕರಾಗಿ ಆಯ್ಕೆಯಾದದ್ದು ಸೋಮವಾರ, ಬಹಿಷ್ಕಾರ ಶುರುವಾದ ಮೇಲೆ.

ಇದೇನೂ ಒಂದು ರಾತ್ರಿಯ ಆವೇಶವಲ್ಲ. 1949ರಲ್ಲಿ ಬಸ್ ಚಾಲಕನೊಬ್ಬನ ಕೂಗಾಟಕ್ಕೆ ಗುರಿಯಾಗಿ ರಾಬಿನ್ಸನ್ ಅಳುತ್ತಾ ಇಳಿದುಹೋಗಿದ್ದರು. ಮೇರಿ ಫೇರ್ ಬರ್ಕ್ಸ್ 1946ರಲ್ಲಿ ಕಟ್ಟಿದ್ದ ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷರಾದ ಮೇಲೆ, 1954ರ ಮೇ ತಿಂಗಳಲ್ಲೇ ರಾಬಿನ್ಸನ್ ಮೇಯರ್‌ಗೆ ಪತ್ರ ಬರೆದರು: ಬಸ್ಸಿನಲ್ಲಿ ಓಡಾಡುವವರ ಮುಕ್ಕಾಲು ಪಾಲು ನಾವೇ, ನಾವು ಹತ್ತದಿದ್ದರೆ ಬಸ್ಸು ನಡೆಯದು. ಲೆಕ್ಕ ಹಾಕಿಯೇ ಕೊಟ್ಟ ಎಚ್ಚರಿಕೆ ಅದು. ಹೀಗಿರುವಾಗ, ದಣಿದ ದರ್ಜಿ ಹೆಂಗಸೊಬ್ಬಳು ಏಳಲಿಲ್ಲ, ಅದರಿಂದ ಚಳವಳಿ ತಾನಾಗಿ ಹುಟ್ಟಿತು ಎಂಬ ಕಥೆ ಪಾರ್ಕ್ಸ್ ಅವರಿಗೂ ಅನ್ಯಾಯ ಮಾಡುತ್ತದೆ. ಅವರು ಕಪ್ಪು ಜನರ ಹಕ್ಕುಗಳ ಪರವಾದ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಕಾರ್ಯದರ್ಶಿ. 1944ರಲ್ಲಿ ಬಿಳಿಯರ ಗುಂಪಿನಿಂದ ಅತ್ಯಾಚಾರಕ್ಕೊಳಗಾದ ರೆಸಿ ಟೇಲರ್ ಪರವಾಗಿ ಊರೂರಿನ ಜನರನ್ನು ಸೇರಿಸಿ ಹೋರಾಡಿದವರು.

ಸೀಟು ಬಿಡದವರಲ್ಲಿ ಅವರು ಮೊದಲಿಗರೂ ಅಲ್ಲ. (ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಲೂಯಿಸಿಯಾನಾದ ರೈಲೊಂದರಲ್ಲಿ, ತಾನೂ ಬಣ್ಣದ ಹೆಂಗಸೇ ಎಂದು ಹೇಳಿ ಬಿಳಿಯರ ಬೋಗಿಯಿಂದ ಕದಲಲು ಒಪ್ಪಿರಲಿಲ್ಲ.) ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, 15 ವರ್ಷದ ಕ್ಲಾಡೆಟ್ ಕಾಲ್ವಿನ್‌ಳನ್ನು ಪೊಲೀಸರು ಅದೇ ಮಾಂಟ್ಗೊಮರಿಯ ಬಸ್ಸಿನಿಂದ ಎಳೆದೊಯ್ದರು. ಬಡ ಮನೆಯ ಹುಡುಗಿ, ಮುಂದೆ ಮದುವೆಗೆ ಮೊದಲೇ ಗರ್ಭಿಣಿಯಾದವಳು. ಇವಳನ್ನು ಮುಂದಿಟ್ಟುಕೊಂಡು ಹೋರಾಡುವುದು ಬೇಡವೆಂದು ಹಿರಿಯರು ಹಿಂಜರಿದರು. ಆ ಹಿಂಜರಿಕೆಯ ಕಾರಣ ನನಗೆ ಅರ್ಥವಾಗುತ್ತದೆ, ಒಪ್ಪಲು ಮನಸ್ಸಾಗುವುದಿಲ್ಲ. ಯಾಕೆಂದರೆ ಕೊನೆಗೆ ಬಸ್ಸಿನ ವರ್ಣಭೇದವನ್ನು ಮುರಿದದ್ದು ಪಾರ್ಕ್ಸ್ ಪ್ರಕರಣವಲ್ಲ, ಬ್ರೌಡರ್ ವರ್ಸಸ್ ಗೇಲ್ ದಾವೆ. ಅದರಲ್ಲಿ ಗೆದ್ದ ನಾಲ್ವರು ವಾದಿಗಳೂ ಹೆಂಗಸರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಅದೇ ಕಾಲ್ವಿನ್. 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು.

ಆ ತೀರ್ಪು ಜಾರಿಗೆ ಬರುವವರೆಗೆ 381 ದಿನ ಚಳವಳಿ ನಡೆಯಲು ಕಾರು ಬೇಕು, ಪೆಟ್ರೋಲು ಬೇಕು, ದುಡ್ಡು ಬೇಕು. ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಗೆಳತಿಯರನ್ನು ಕೂಡಿಸಿ ಕೇಕು, ಪೈ, ಹುರಿದ ಕೋಳಿ ಮಾರಿದರು; ಬಂದದ್ದನ್ನು ಚಳವಳಿಯ ಸಭೆಗಳಲ್ಲಿ ಒಪ್ಪಿಸಿದರು. ಬಿಳಿಯರ ಮನೆಗಳಲ್ಲಿ ದುಡಿಯುತ್ತಿದ್ದ ಆ ಹೆಂಗಸರ ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. ಅದಕ್ಕೇ ತಮ್ಮ ಗುಂಪಿಗೆ 'ಎಲ್ಲಿಯದೂ ಅಲ್ಲದ ಕ್ಲಬ್' ಎಂಬ ಹೆಸರು. ದುಡ್ಡು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ! ಗಿಲ್ಮೋರ್ ಮಾತ್ರ ಮುಚ್ಚಿಟ್ಟುಕೊಳ್ಳಲಿಲ್ಲ. ಬಹಿಷ್ಕಾರಕ್ಕಾಗಿ ಕಿಂಗ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಬಹಿರಂಗವಾಗಿ ಸಾಕ್ಷಿ ಹೇಳಿ ಕೆಲಸ ಕಳೆದುಕೊಂಡರು. ಆಮೇಲೆ ತಮ್ಮ ಮನೆಯಲ್ಲೇ ಅಡುಗೆ ಮಾಡಿ ಹಾಕತೊಡಗಿದರು. ಕಿಂಗ್ ಅಲ್ಲೇ ಊಟಕ್ಕೆ ಬರುತ್ತಿದ್ದರು.

ಇಷ್ಟೆಲ್ಲ ದುಡಿದರೂ ಹೆಂಗಸರಿಗೆ ಮನ್ನಣೆ ಸುಲಭವಾಗಿ ಸಿಗಲಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ದಿನ ಅವರಿಗೆ ಪ್ರಮುಖ ಭಾಷಣದ ಅವಕಾಶ ಒಂದೂ ಸಿಗಲಿಲ್ಲ. ಸಿದ್ಧತಾ ಸಮಿತಿಯಲ್ಲಿದ್ದ ಏಕೈಕ ಮಹಿಳೆ ಆನಾ ಅರ್ನಾಲ್ಡ್ ಹೆಡ್ಜ್‌ಮನ್ ಪ್ರತಿಭಟಿಸಿದ್ದಕ್ಕೆ ಸಿಕ್ಕಿದ್ದು ಒಂದು ಚುಟುಕು ಗೌರವ ಕಾರ್ಯಕ್ರಮ. ರಾಬಿನ್ಸನ್ ಅವರ ನೆನಪಿನ ಪುಸ್ತಕ ಹೊರಬಂದದ್ದು 1987ರಲ್ಲಿ. ಕಾಲ್ವಿನ್ ಮೇಲೆ 1955ರಲ್ಲಿ ಹೊರಿಸಿದ್ದ ಅಪರಾಧವನ್ನು ನ್ಯಾಯಾಲಯ ದಾಖಲೆಯಿಂದ ಅಳಿಸಿದ್ದು 2021ರಲ್ಲಿ. ಆಗ ಅವರಿಗೆ 82 ವರ್ಷ.