ಬೀದಿಯ ಕಾಗದಚಿತ್ರ: ಮೌಲ್ಯನಿರ್ಣಯ ಮತ್ತು ಸಂರಕ್ಷಣೆ

ಜನಚಳವಳಿಗಳ ಚರಿತ್ರೆಯನ್ನು ರಚಿಸುವಾಗ ಸರಕಾರಿ ಕಡತ, ಪತ್ರಿಕಾ ವರದಿ ಮತ್ತು ಮೌಖಿಕ ಹೇಳಿಕೆಗಳನ್ನು ಆಧರಿಸುವುದು ವಾಡಿಕೆ. ಗೋಡೆಗೆ ಅಂಟಿಸಲು, ಮೆರವಣಿಗೆಯಲ್ಲಿ ಎತ್ತಿ ಹಿಡಿಯಲು ಕಾಗದದ ಮೇಲೆ ಬರೆದ ಚಿತ್ರಗಳು ಆಕರಗಳ ಸಾಲಿಗೆ ಸೇರುವುದು ವಿರಳ. ರೋಣ, ನರಗುಂದ, ಗಜೇಂದ್ರಗಡ ಪರಿಸರದ ಮಟ್ಟಿಗೆ ಇದು ಗಂಭೀರ ಪ್ರಶ್ನೆ. ಮಲಪ್ರಭಾ ನೀರಾವರಿ ಪ್ರದೇಶದಲ್ಲಿ ಬೆಟರ್‌ಮೆಂಟ್ ಲೆವಿ ಹಾಗೂ ನೀರಿನ ಕರಗಳನ್ನು ವಿರೋಧಿಸಿದ ರೈತ ಹೋರಾಟ 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಿಗೆ ಎಡೆಯಾಯಿತು. ಮಹದಾಯಿ ನೀರಿಗಾಗಿ 2015ರ ಜುಲೈನಲ್ಲಿ ಅದೇ ಊರಿನಲ್ಲಿ ದೀರ್ಘ ಧರಣಿ ಆರಂಭವಾಯಿತು. ಇಂಥ ಸಂದರ್ಭದ ಹಾಳೆಯೊಂದು ಗ್ರಂಥಾಲಯಕ್ಕೆ ಬಂದಾಗ ಅದನ್ನು ಪರಿಶೀಲಿಸುವ ಮತ್ತು ಉಳಿಸುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ಬೆಲೆ ಮತ್ತು ಮೌಲ್ಯಗಳನ್ನು ಬೇರ್ಪಡಿಸಿಕೊಳ್ಳಬೇಕು. 1980ರ ದಶಕದ ಮೊದಲ ವರ್ಷಗಳಲ್ಲಿ ಕೀತ್ ಹೇರಿಂಗ್ ಎಂಬ ಕಲಾವಿದ ನ್ಯೂಯಾರ್ಕಿನ ಸುರಂಗ ರೈಲುನಿಲ್ದಾಣಗಳಲ್ಲಿ, ಜಾಹೀರಾತು ಫಲಕಗಳಿಗೆ ಹಚ್ಚಿದ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದನು. ಜನ ಅವನ್ನು ಕಿತ್ತೊಯ್ದರು; ಮುಂದೆ ಅವು ಮಾರುಕಟ್ಟೆಯ ವಸ್ತುಗಳಾದವು. ಅಲ್ಲಿ ಬೆಲೆ ನಿಂತಿರುವುದು ಕಲಾವಿದನ ಹೆಸರಿನ ಮೇಲೆ. ನಮ್ಮ ಹಾಳೆಗಳಲ್ಲಿ ಬಹುಮಟ್ಟಿಗೆ ರುಜುವೇ ಇರುವುದಿಲ್ಲ. ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ, ಯಾರ ಕೈಯಿಂದ ಕೈಗೆ ಬಂದಿತೆಂಬ ವಿವರವೇ ಅವುಗಳ ಮೌಲ್ಯಕ್ಕೆ ಆಧಾರ.

ಕಾಲನಿರ್ಣಯಕ್ಕೆ ಬರಹವೇ ನೆರವಾಗುತ್ತದೆ. ಗದಗ ಜಿಲ್ಲೆ ರಚನೆಯಾದದ್ದು 1997ರಲ್ಲಿ; ಅದಕ್ಕೂ ಮೊದಲು ಈ ಊರುಗಳು ಧಾರವಾಡ ಜಿಲ್ಲೆಯವು. ಗಜೇಂದ್ರಗಡವು 2018ಕ್ಕೆ ಮೊದಲು ರೋಣ ತಾಲೂಕಿನಲ್ಲಿತ್ತು. ಆದುದರಿಂದ 1980ರದೆನ್ನಲಾದ ಹಾಳೆಯಲ್ಲಿ ‘ಗದಗ ಜಿಲ್ಲೆ’ ಎಂದಿದ್ದರೆ ಸಂಶಯಪಡಬೇಕು. ಆದರೆ ಹೊಸ ತಾಲೂಕನ್ನು ಬೇಡುವ ಹಾಳೆ ತಾಲೂಕಿಗಿಂತ ಹಿಂದಿನದೇ ಆಗಿರುತ್ತದೆ. ಹೆಸರನ್ನಷ್ಟೇ ನೋಡದೆ ವಾಕ್ಯವನ್ನು ಪೂರ್ಣವಾಗಿ ಓದಬೇಕು. ಹಳೆಯ ಪತ್ರಿಕೆಯ ಮೇಲೆ ಬರೆದಿದ್ದರೆ ಅದರ ದಿನಾಂಕ ಪೂರ್ವಮಿತಿಯನ್ನು ಮಾತ್ರ ಸೂಚಿಸುತ್ತದೆ.

ಸಂರಕ್ಷಣೆಯಲ್ಲಿ ಸಾಮಗ್ರಿಯ ತಿಳಿವಳಿಕೆ ಮುಖ್ಯ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಬೆಳಕಿಗೆ ಹಳದಿಗಟ್ಟುತ್ತದೆ. ಆಮ್ಲದಿಂದ ಹಾಳೆ ಪೆಡಸಾಗಿ ಮಡಿಕೆಯಲ್ಲಿ ಮುರಿಯುತ್ತದೆ. ಅಂಟು ಬೆರೆತ ಪೋಸ್ಟರ್ ಬಣ್ಣ ನೀರಿಗೆ ಕರಗುತ್ತದೆ. ಎಣ್ಣೆಬಣ್ಣದ ಎಣ್ಣೆ ಕಾಗದಕ್ಕೆ ಇಳಿದು ಸುತ್ತ ಕಂದು ಕಲೆಯಾಗುತ್ತದೆ. ಮೈದಾ ಅಂಟು ಬೆಳ್ಳಿಹುಳುವಿಗೂ ಜಿರಳೆಗೂ ಆಹಾರ. ಇಷ್ಟಾದರೂ ಅಂಟಿನ ಕಲೆ, ಮೊಳೆಯ ತೂತು, ಗೋಡೆಯ ಸುಣ್ಣ, ಕೋಲಿಗೆ ಕಟ್ಟಿದ ಗುರುತು ಇವೆಲ್ಲ ಹಾಳೆಯು ಬೀದಿಯಲ್ಲಿ ಬಳಕೆಯಾಯಿತೆಂಬುದಕ್ಕೆ ಸಾಕ್ಷ್ಯಗಳು. ಇವನ್ನು ತೊಡೆದ ‘ಶುದ್ಧ’ ಚಿತ್ರ ನೋಟಕ್ಕೆ ಅಂದವಾಗಿದ್ದರೂ ಆಕರವಾಗಿ ಬಡವಾಗುತ್ತದೆ.

ಆದ್ದರಿಂದ ಮೊದಲ ಕೆಲಸ ದಾಖಲಾತಿ: ಎರಡೂ ಬದಿಯ ಛಾಯಾಚಿತ್ರ, ಅಳತೆ, ಕೊಟ್ಟವರ ಹೇಳಿಕೆ. ಬಣ್ಣ ಉದುರದಿದ್ದರೆ ಮಾತ್ರ ಮೃದು ಕುಂಚದಿಂದ ಧೂಳು ತೆಗೆಯಬಹುದು. ಸೆಲ್ಲೋಟೇಪು, ಲ್ಯಾಮಿನೇಷನ್ ಸರ್ವಥಾ ಸಲ್ಲವು. ಹರಿದೆಡೆಗೆ ತೆಳು ಜಪಾನೀ ಕಾಗದವನ್ನು ಶುದ್ಧ ಗಂಜಿಯಂಟಿನಿಂದ ಜೋಡಿಸಬಹುದು. ಅದನ್ನು ಮತ್ತೆ ಬಿಡಿಸಲು ಬರುತ್ತದೆ. ಆದರೆ ಇದು ತರಬೇತಾದ ಸಂರಕ್ಷಕರ ಕೆಲಸ. ಹಾಳೆಯನ್ನು ಮಡಚದೆ ಆಮ್ಲರಹಿತ ರಟ್ಟಿನ ನಡುವೆ ಸಮತಲವಾಗಿಡಬೇಕು. ಆರ್ದ್ರತೆ ಶೇ. 50ರ ಆಸುಪಾಸಿನಲ್ಲಿ ಸ್ಥಿರವಾಗಿರಬೇಕು. ಪ್ರದರ್ಶನದ ಬೆಳಕು 50 ಲಕ್ಸ್ ಮೀರಬಾರದು. ಬಿಸಿಲು, ಧೂಳು ಹೆಚ್ಚಿರುವ ಈ ಎರೆಭೂಮಿಯ ಊರುಗಳಲ್ಲಿ ಹವಾನಿಯಂತ್ರಣವಿಲ್ಲದಿದ್ದರೂ ಹೊರಗೋಡೆಯಿಂದ ದೂರವಿರುವ, ಮುಚ್ಚಳವುಳ್ಳ ಪೆಟ್ಟಿಗೆ ಸಾಕಷ್ಟು ರಕ್ಷಣೆ ನೀಡಬಲ್ಲದು.

ಒಂದು ದಿನದ ಬಳಕೆಗೆಂದು ಬರೆದ ಹಾಳೆಗಳಿವು. 1980ರ ಹೋರಾಟವನ್ನು ಕಂಡವರು ವಿರಳವಾಗುತ್ತಿರುವಾಗ, ಹಾಳೆಯ ಜೊತೆಗೆ ಅದರ ಕಥನವನ್ನೂ ಈಗಲೇ ದಾಖಲಿಸಿಕೊಳ್ಳುವುದು ಗ್ರಂಥಾಲಯಗಳ ಮತ್ತು ಸಂಶೋಧಕರ ಹೊಣೆಯಾಗಿದೆ.